ಹುಣಸೆ ತೋಪಿನಲ್ಲಿ ಲೇಶ್ಯೆಗಳ ಪಾಠ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ನಲ್ಲೂರು ಎಂಬ ಗ್ರಾಮವಿದೆ. ಅಲ್ಲಿ ಸುಮಾರು 54 ಎಕರೆಯಲ್ಲಿ ಹರಡಿರುವ ಪ್ರಾಚೀನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮನ್ನಣೆಗೆ ಪಾತ್ರವಾದ ಮೊದಲ ಸ್ಥಳವಿದು. ಇಲ್ಲಿನ ಸುಮಾರು 300 ಮರಗಳಲ್ಲಿ ಕೆಲವು 400 ವರ್ಷಗಳನ್ನೂ ಮೀರಿದವು. ಚೋಳರ ಕಾಲದ ತೋಪಿದು ಎಂಬುದು ಸ್ಥಳೀಯರ ನಂಬಿಕೆ. ಒಳಗೆಲ್ಲ ಟೊಳ್ಳಾಗಿ ಹೊರಪದರವಷ್ಟೇ ಉಳಿದಂತೆ ಕಾಣುವ ಕಾಂಡವೂ ಎಳೆಯ ಚಿಗುರನ್ನು ಹೊತ್ತು ನಿಂತಿರುವುದನ್ನು ಕಂಡಾಗ ಯಾರಿಗಾದರೂ ಕೈಮುಗಿಯಬೇಕೆನಿಸುತ್ತದೆ.

ಆದರೆ ಜಿನಾಗಮವು ಮರದ ವಯಸ್ಸನ್ನು ನೋಡಿ ಗೌರವಿಸಬೇಕೆಂದು ಹೇಳುವುದಿಲ್ಲ. ವನಸ್ಪತಿಯು ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂಬ ನಾಲ್ಕು ಪ್ರಾಣಗಳು ಅದಕ್ಕಿವೆ. ಶತಮಾನಗಳನ್ನು ಕಂಡ ಹುಣಸೆಗೂ ನಿನ್ನೆ ಮೊಳೆತ ಸಸಿಗೂ ಇರುವುದು ಅವೇ ನಾಲ್ಕು.

ಮರವೊಂದನ್ನು ಮುಂದಿಟ್ಟುಕೊಂಡು ಮನುಷ್ಯನ ಮನಸ್ಸನ್ನು ಅಳೆದ ದೃಷ್ಟಾಂತವೊಂದು ನಮ್ಮಲ್ಲಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿಯೂ ಅದು ಬರುತ್ತದೆ. ಹಸಿದ ಆರು ಮಂದಿ ದಾರಿಗರು ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಒಬ್ಬನಿಗೆ ಅದನ್ನು ಬುಡಸಹಿತ ಕೀಳುವ ಯೋಚನೆ. ಎರಡನೆಯವನಿಗೆ ಕಾಂಡವನ್ನು ಕಡಿಯುವ, ಮೂರನೆಯವನಿಗೆ ಕೊಂಬೆಯನ್ನು, ನಾಲ್ಕನೆಯವನಿಗೆ ರೆಂಬೆಯನ್ನು ಕತ್ತರಿಸುವ ಯೋಚನೆ. ಐದನೆಯವನು ಹಣ್ಣನ್ನಷ್ಟೇ ಬಿಡಿಸಲು ಬಯಸಿದರೆ, ಆರನೆಯವನು ನೆಲಕ್ಕೆ ಬಿದ್ದ ಹಣ್ಣೇ ಸಾಕೆನ್ನುತ್ತಾನೆ. ಕ್ರಮವಾಗಿ ಇವು ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಲೇಶ್ಯೆಗಳು.

ತರಗತಿಯಲ್ಲಿ ಈ ಕಥೆ ಹೇಳಿ, “ನೀವು ಇವರಲ್ಲಿ ಯಾರು?” ಎಂದು ಕೇಳಿದಾಗ ಮಕ್ಕಳೆಲ್ಲರೂ ಆರನೆಯವನೆಂದೇ ಕೈಯೆತ್ತುತ್ತಿದ್ದರು. ಹಿರಿಯರನ್ನು ಕೇಳಿದರೂ ಅದೇ ಉತ್ತರ ಬಂದೀತು. ಆದರೆ ಗಮನಿಸಿ: ಹಸಿವು ಆರು ಮಂದಿಗೂ ಒಂದೇ, ಕಥೆಯಲ್ಲಿ ಮರವನ್ನು ಇನ್ನೂ ಯಾರೂ ಮುಟ್ಟಿಲ್ಲ. ಕೊಡಲಿ ಎತ್ತುವ ಮೊದಲೇ ಭಾವದ ಬಣ್ಣ ಆತ್ಮಕ್ಕೆ ಅಂಟಿಯಾಗಿದೆ.

ಗೃಹಸ್ಥನಿಗೆ ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ಣವಾಗಿ ತೊರೆಯುವುದು ಅಸಾಧ್ಯ. ಅಡುಗೆಗೆ ಸೊಪ್ಪು ಬೇಕು, ಮನೆಗೆ ಮರ ಬೇಕು. ಆದ್ದರಿಂದಲೇ ಆಚಾರ್ಯರು ಅನರ್ಥದಂಡ ವಿರತಿ ಎಂಬ ಗುಣವ್ರತವನ್ನು ವಿಧಿಸಿದರು. ಮಾತನಾಡುತ್ತಾ ಎಲೆ ಹರಿಯುವುದು, ನೆನಪಿಗೆಂದು ಕಾಂಡದ ಮೇಲೆ ಹೆಸರು ಕೆತ್ತುವುದು, ಚಿತ್ರ ತೆಗೆಸಿಕೊಳ್ಳಲು ಬಾಗಿದ ಕೊಂಬೆಯನ್ನು ಜಗ್ಗುವುದು – ಇವುಗಳಿಂದ ಯಾರ ಹಸಿವೂ ತೀರದು. ಪ್ರಯೋಜನವಿಲ್ಲದ ಹಿಂಸೆಯೇ ಅನರ್ಥದಂಡ. ದೃಷ್ಟಾಂತದ ಮೊದಲನೆಯವನಿಗಾದರೂ ಹಸಿವೆಂಬ ಕಾರಣವಿತ್ತು!

ನಲ್ಲೂರಿಗೆ ಹೋಗುವವರು ಮಕ್ಕಳನ್ನೂ ಕರೆದೊಯ್ಯಲಿ. ಟೊಳ್ಳು ಕಾಂಡದ ಚಿಗುರನ್ನು ಮುಟ್ಟದೆ ನೋಡುವುದನ್ನು ಅವರಿಗೆ ಕಲಿಸಲಿ. ಮನೆಗೆ ಮರಳಿದ ಮೇಲೆ, ಅಂಗಳಕ್ಕೆ ಎಲೆ ಉದುರಿಸುತ್ತದೆಂದು ಕಡಿಯಲು ಹೊರಟ ಮರವೇನಾದರೂ ಇದ್ದರೆ ಅದರ ಮುಂದೆಯೂ ಒಂದು ಕ್ಷಣ ನಿಲ್ಲಲಿ. ಅದಕ್ಕೆ ಸರ್ಕಾರದ ಮನ್ನಣೆಯ ಫಲಕವಿಲ್ಲ. ಪ್ರಾಣಗಳು ಮಾತ್ರ ನಾಲ್ಕೇ.