ನಿಮಗಿದು ಗೊತ್ತೆ? ಕೈರೋದ ಕಾಗದದಲ್ಲಿ ಮಂಗಳೂರು ಬಂದರು

* ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಕಡಲು ಸೇರುವಲ್ಲಿ ಬೆಳೆದ ಊರು ಮಂಗಳೂರು. ಗುರುಪುರ ನದಿಯ ದಡದಲ್ಲಿರುವ ಹಳೆಯ ವ್ಯಾಪಾರಿ ಪೇಟೆಯನ್ನು ಜನ ಇಂದಿಗೂ ‘ಬಂದರು’ ಎಂದೇ ಕರೆಯುತ್ತಾರೆ.

* 12ನೇ ಶತಮಾನದಲ್ಲಿ ಟುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲಿಂದ ಏಡನ್‌ಗೆ ಮೆಣಸು, ಅಡಿಕೆ ಕಳುಹಿಸುತ್ತಿದ್ದ. ಅಲ್ಲಿಂದ ಬರುತ್ತಿದ್ದ ಒಡೆದ ಕಂಚಿನ ಪಾತ್ರೆಗಳನ್ನು ಕರಗಿಸಿ, ಹೊಸದಾಗಿ ಎರಕ ಹೊಯ್ಯಿಸಿ ಹಿಂದಕ್ಕೆ ರವಾನಿಸುತ್ತಿದ್ದ. ಅವನ ವ್ಯವಹಾರದ ಪತ್ರಗಳು ಉಳಿದು ಬಂದದ್ದು ಈಜಿಪ್ಟಿನ ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಕಾಗದದ ರಾಶಿಯಲ್ಲಿ!

* 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್‌ನ ವರ್ತಕರು ಇಲ್ಲಿಗೆ ಬರುತ್ತಾರೆ, ಮೆಣಸು–ಶುಂಠಿ ಹೇರಳವಾಗಿದೆ ಎಂದು ಬರೆದಿದ್ದಾನೆ.

* ಬಂದರಿನ ಝೀನತ್ ಬಕ್ಷ್ ಮಸೀದಿ ದೇಶದ ಅತಿ ಹಳೆಯ ಮಸೀದಿಗಳಲ್ಲೊಂದು ಎಂಬುದು ಪ್ರತೀತಿ. ಒಳಗೆ ಹೆಜ್ಜೆಯಿಟ್ಟರೆ ಕುಸುರಿ ಕೆತ್ತನೆಯ ಮರದ ಕಂಬಗಳು ಕಣ್ಣು ಸೆಳೆಯುತ್ತವೆ.

* 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಮಂಗಳೂರು ಹೆಂಚು ಹಡಗೇರಿ ದೂರದೂರದ ಮನೆಗಳ ಮಾಡು ಸೇರಿತು.

* 1970ರ ದಶಕದಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ತಲೆಯೆತ್ತಿತು. ದೊಡ್ಡ ಹಡಗುಗಳು ಅತ್ತ ಹೊರಳಿದರೂ ಹಳೆಯ ಬಂದರಿನ ಉಸಿರು ನಿಂತಿಲ್ಲ. ಲಕ್ಷದ್ವೀಪಕ್ಕೆ ಸರಕು ಇಲ್ಲಿಂದಲೂ ಹೋಗುತ್ತದೆ. ದಕ್ಕೆಯಲ್ಲಿ ಮೀನಿನ ಬುಟ್ಟಿಗಳು ಇಳಿಯುತ್ತವೆ. ಈ ಪೇಟೆಯನ್ನು ಉಳಿಸಿಕೊಳ್ಳುವುದೆಂದರೆ ನಮ್ಮ ಕರಾವಳಿಯ ನೆನಪನ್ನೇ ಕಾಪಾಡಿಕೊಂಡಂತೆ.