ತಲೆಸುತ್ತು: ಕಿವಿ ಕ್ಲಿನಿಕ್‌ನಲ್ಲಿ ನಡೆಯುವುದೇನು?

ತಲೆ ತಿರುಗಿದ್ದನ್ನು ಒಳಕಿವಿಯ ಮೂರು ಅರ್ಧವೃತ್ತ ನಾಳಗಳು ಗ್ರಹಿಸಿ, ನೋಟ ಅಲುಗದಂತೆ ಕಾಯುತ್ತವೆ. ಹಾಗಾಗಿ ಸಮತೋಲನದ ಪರೀಕ್ಷೆ ಶುರುವಾಗುವುದು ಕಣ್ಣಿನಿಂದ.

ವಿಎನ್‌ಜಿ ಪರೀಕ್ಷೆಯಲ್ಲಿ ಕನ್ನಡಕದೊಳಗಿನ ಇನ್‌ಫ್ರಾರೆಡ್ ಕ್ಯಾಮೆರಾ ಕಣ್ಣುಗುಡ್ಡೆಯ ಚಲನೆಯನ್ನು ದಾಖಲಿಸುತ್ತದೆ. ಕ್ಯಾಲೊರಿಕ್ ಹಂತದಲ್ಲಿ ಒಂದೊಂದೇ ಕಿವಿಗೆ 30 ಮತ್ತು 44 ಡಿಗ್ರಿಯ ನೀರು ಬಿಡುತ್ತಾರೆ, ಇಲ್ಲವೇ ಗಾಳಿ ಊದುತ್ತಾರೆ. ಆಗ ಕೋಣೆಯೇ ಗಿರಗಿರ ತಿರುಗಿದಂತಾಗುತ್ತದೆ. ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಯಾವ ಕಿವಿ ದುರ್ಬಲ ಎಂಬುದು ಇದರಿಂದ ತಿಳಿಯುತ್ತದೆ.

ಮಗ್ಗುಲು ಬದಲಿಸಿದಾಗ ತಲೆ ಸುತ್ತುವ ಬಿಪಿಪಿವಿಯಲ್ಲಿ, ನಾಳಕ್ಕೆ ಜಾರಿದ ಸುಣ್ಣದ ಹರಳುಗಳನ್ನು ತಲೆಯನ್ನು ಹಂತಹಂತವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಹೊರತರುತ್ತಾರೆ. ಒಂದು ಕಿವಿ ದುರ್ಬಲವಾಗಿದ್ದರೆ ವ್ಯಾಯಾಮ: ಗೋಡೆಯ ಮೇಲಿನ ಅಕ್ಷರದಿಂದ ದೃಷ್ಟಿ ಕದಲಿಸದೆ ತಲೆಯನ್ನು ಎಡಬಲಕ್ಕೆ ಆಡಿಸುವುದು. ಮೊದಮೊದಲು ಸುತ್ತು ಹೆಚ್ಚಬಹುದು; ದಿನವೂ ಮಾಡಿದರೆ ಕೆಲವು ವಾರಗಳಲ್ಲಿ ಮಿದುಳು ಹೊಂದಿಕೊಳ್ಳುತ್ತದೆ.