ವಿಮೆಯಿದ್ದೂ ಕೈಯಿಂದ ತೆರುವ ಹಣ

ಆರೋಗ್ಯ ವಿಮೆಯ ಪತ್ರವೊಂದು ಪೆಟ್ಟಿಗೆಯಲ್ಲಿದ್ದ ಮೇಲೆ ಆಸ್ಪತ್ರೆಯ ವೆಚ್ಚದ ಚಿಂತೆಯೇ ಇಲ್ಲವೆಂದು ನಂಬಿರುವ ಗೃಹಸ್ಥರು ನಮ್ಮಲ್ಲಿ ಬಹುಮಂದಿ ಇರುವರು. ಕಂಪೆನಿಯು ಕೊಡತಕ್ಕ ಹಣವೆಷ್ಟೆಂಬುದನ್ನು ಎಲ್ಲರೂ ಕೇಳುತ್ತಾರೆ. ತಾವು ತೆರತಕ್ಕದ್ದೆಷ್ಟೆಂದು ಕೇಳುವವರು ವಿರಳ.

ಇಂಥ ಪತ್ರಗಳಲ್ಲಿ ‘ಡಿಡಕ್ಟಿಬಲ್’ ಎಂಬ ಮಾತೊಂದು ಬರುವುದುಂಟು. ವೆಚ್ಚವು ಒಂದು ಗೊತ್ತಾದ ಮೊತ್ತವನ್ನು ಮೀರುವವರೆಗೆ ಕಂಪೆನಿಯು ಬಿಡಿಗಾಸನ್ನೂ ಕೊಡುವುದಿಲ್ಲ, ಮೀರಿದ ಭಾಗಕ್ಕೆ ಮಾತ್ರವೇ ಹೊಣೆಯಾಗುವುದೆಂದು ಇದರ ತಾತ್ಪರ್ಯ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಕಾಣುವುದು ‘ಟಾಪ್-ಅಪ್’ ಪಾಲಿಸಿಗಳಲ್ಲಿ. ಅವುಗಳ ಕಂತು ಅಗ್ಗವಾಗಿರುವುದೂ ಇದರಿಂದಲೇ.

ಇಲ್ಲೊಂದು ಸೂಕ್ಷ್ಮವಿದೆ, ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಇಡೀ ಕುಟುಂಬಕ್ಕೆ ಒಂದೇ ಪಾಲಿಸಿ, ಡಿಡಕ್ಟಿಬಲ್ 5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದೇ ವರ್ಷದಲ್ಲಿ ಯಜಮಾನರ ಹೃದಯ ಚಿಕಿತ್ಸೆಗೆ 4 ಲಕ್ಷವೂ, ಕೆಲವು ತಿಂಗಳ ತರುವಾಯ ಅವರ ಪತ್ನಿಯ ಮಂಡಿಯ ಶಸ್ತ್ರಕ್ರಿಯೆಗೆ 4 ಲಕ್ಷವೂ ವೆಚ್ಚವಾಯಿತು. ಸಾಧಾರಣ ಟಾಪ್-ಅಪ್ ಪ್ರತಿಯೊಂದು ಸಲದ ವೆಚ್ಚವನ್ನೂ ಬೇರೆಬೇರೆಯಾಗಿ ಅಳೆಯುವುದು. ಎರಡೂ 5 ಲಕ್ಷಕ್ಕೆ ಕಡಮೆಯಾದುದರಿಂದ ಬರುವುದು ಸೊನ್ನೆ. ‘ಸೂಪರ್ ಟಾಪ್-ಅಪ್’ ಆದರೋ ವರ್ಷದ ವೆಚ್ಚವನ್ನೆಲ್ಲ ಕೂಡಿಸಿ ನೋಡಿ, ಮೀರಿದ 3 ಲಕ್ಷವನ್ನು ಕೊಡುವುದು. ಹೆಸರಿನಲ್ಲಿ ಒಂದೇ ಮಾತಿನ ಅಂತರ. ಮಗಳ ಮದುವೆಗೆಂದು ಕೂಡಿಟ್ಟ ಗಂಟು ಉಳಿಯುವುದೋ ಕರಗುವುದೋ ಅದರ ಮೇಲೆ ನಿಂತಿದೆ. ಕೆಳಗಿನ 5 ಲಕ್ಷಕ್ಕೆ ಬೇರೊಂದು ಮೂಲ ಪಾಲಿಸಿ ಇಲ್ಲದವರ ಪಾಡಂತೂ ಹೇಳತೀರದು.

‘ಕೋ-ಪೇ’ ಎಂಬುದು ಇನ್ನೊಂದು. ನೂರಕ್ಕೆ ಇಪ್ಪತ್ತು ಎಂದಿದ್ದರೆ, ಒಪ್ಪಿಗೆಯಾದ 4 ಲಕ್ಷದಲ್ಲಿ 80,000 ನಮ್ಮದೇ. ವೃದ್ಧರ ಪಾಲಿಸಿಗಳಲ್ಲಿ ಇದು ಮೇಲಿಂದ ಮೇಲೆ ಕಾಣುವುದು.

ಎಲ್ಲಕ್ಕಿಂತ ಹೆಚ್ಚಾಗಿ ಮೋಸಹೋಗುವುದು ಕೋಣೆಯ ಬಾಡಿಗೆಯಲ್ಲಿ. ದಿನಕ್ಕೆ 5,000 ರೂಪಾಯಿಯ ಮಿತಿಯುಳ್ಳ ಪಾಲಿಸಿಯನ್ನಿಟ್ಟುಕೊಂಡು 10,000ದ ಕೋಣೆಯನ್ನು ಹಿಡಿದರೆ, ಬಾಡಿಗೆಯಲ್ಲಿ ಮಾತ್ರವಲ್ಲ, ವೈದ್ಯರ ಶುಲ್ಕ, ಶಸ್ತ್ರಕ್ರಿಯಾಗಾರದ ಶುಲ್ಕ ಮೊದಲಾದುವುಗಳಲ್ಲಿಯೂ ಕಂಪೆನಿಯು ಅರ್ಧವನ್ನು ಕಳೆಯಬಹುದು. ಔಷಧಿ, ದೇಹದೊಳಗಿಡುವ ಸಾಧನ, ಪರೀಕ್ಷೆಗಳ ವೆಚ್ಚಕ್ಕೆ ಈ ಕತ್ತರಿಯನ್ನು ಹಾಕಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ವಿಧಿಸಿತು. ಅಷ್ಟಾದರೂ ಉಳಿಯಿತು! ನೋಡಬಂದ ನೆಂಟರ ಮುಂದೆ ಚೆನ್ನಾಗಿ ಕಾಣಲೆಂದು ದೊಡ್ಡ ಕೋಣೆಯನ್ನು ಹಿಡಿಯುವ ಚಪಲವು ನಮ್ಮವರಲ್ಲಿ ಇಲ್ಲದಿಲ್ಲ.

ಪಾಲಿಸಿಯು ಕೈಸೇರಿದ ಮೇಲೆ ಓದಿನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು 30 ದಿನಗಳ ಅವಧಿಯನ್ನು 2024ರ ನಿಯಮಗಳು ಕೊಟ್ಟಿವೆ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ, ಒಂದು ಸಂಜೆ ಪತಿಪತ್ನಿಯರಿಬ್ಬರೂ ಕುಳಿತು ಈ ಮೂರು ಅಂಕಿಗಳನ್ನು ಹುಡುಕಿ ಪತ್ರದ ಮೇಲೆಯೇ ಬರೆದಿಡಬಹುದು.